ಮಾತ್ರೆ ತಗೋತಿದೀನಿ ಅಂತ ಡಾಕ್ಟರಿಗೆ ಸುಳ್ಳು ಹೇಳಿದ್ದೇನೆ, ಈಗ ರಿಪೋರ್ಟ್ ನೋಡಿ ಭಯ

ನನಗೆ 26 ವರ್ಷ. ಮೊದಲ ಬಸುರಿ, ಈಗ 24 ವಾರ. ನಾಲ್ಕನೇ ತಿಂಗಳಲ್ಲಿ ಹಿಮೋಗ್ಲೋಬಿನ್ 10.2 ಇತ್ತು. ಡಾಕ್ಟರ್ ಐರನ್ ಮಾತ್ರೆ ಕೊಟ್ಟರು. ನುಂಗಿದರೆ ಹೊಟ್ಟೆ ತೊಳಸುತ್ತಿತ್ತು, ಮಲ ಕಪ್ಪಾಯಿತು. ಅತ್ತೆ ಬೇರೆ "ಆ ಮಾತ್ರೆ ತಿಂದರೆ ಮಗು ಕಪ್ಪಗೆ ಹುಟ್ಟುತ್ತೆ, ಬೀಟ್‌ರೂಟ್ ಜ್ಯೂಸ್ ಕುಡಿ ಸಾಕು" ಅಂದರು. ಒಂದು ವಾರಕ್ಕೇ ನಿಲ್ಲಿಸಿಬಿಟ್ಟೆ. ಡಾಕ್ಟರ್ ಕೇಳಿದಾಗೆಲ್ಲ "ತಗೋತಿದೀನಿ ಮೇಡಂ" ಅಂದೆ. ಈಗ 9.4. ರಿಪೋರ್ಟ್ ತುಂಬಾ ಎಲ್, ಎಚ್ ಅಂತ ಗುರುತು. ಮಾತ್ರೆ ತಗೊಂಡರೂ ಏರುತ್ತಿಲ್ಲ ಅಂತ ಡಾಕ್ಟರ್ ಎಚ್‌ಪಿಎಲ್‌ಸಿ ಅನ್ನೋ ಟೆಸ್ಟ್ ಬರೆದಿದ್ದಾರೆ. ಗಂಡನಿಗೂ ಮಾಡಿಸಬೇಕಾಗಬಹುದು ಅಂದರು. ಮೊಬೈಲಿನಲ್ಲಿ ಹುಡುಕಿದರೆ ರಕ್ತದ ಕ್ಯಾನ್ಸರ್ ಅಂತೆಲ್ಲ ಬಂತು. ಮನೆಯಲ್ಲಿ ರಿಪೋರ್ಟ್ ತೋರಿಸಿಲ್ಲ. ಫೋಟೋ ಕಳಿಸಿದ್ದೇನೆ. ಏನು ಮಾಡಲಿ?
– ಹೆಸರು ಬೇಡ, ದಾವಣಗೆರೆ

ಮೊದಲು ಕ್ಯಾನ್ಸರ್ ವಿಷಯ ಮುಗಿಸೋಣ. ನಿಮ್ಮ ರಿಪೋರ್ಟಿನ ಅಂಕಿಗಳು ಅದರ ಕಡೆ ಬೊಟ್ಟು ಮಾಡುತ್ತಿಲ್ಲ. ಅವು ತೋರಿಸುತ್ತಿರುವುದು ನಮ್ಮಲ್ಲಿ ಮನೆಮನೆಯಲ್ಲೂ ಇರುವ ತೊಂದರೆಯನ್ನು. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದ ಗರ್ಭಿಣಿಯರಲ್ಲಿ ನೂರಕ್ಕೆ 52 ಮಂದಿಗೆ ರಕ್ತಹೀನತೆ ಇತ್ತು. ಹಾಗಂತ ಇದು ಸಣ್ಣ ವಿಷಯ ಅಂತಲ್ಲ. ಗೊತ್ತಿರುವ, ಮದ್ದಿರುವ ವಿಷಯ, ಅಷ್ಟೆ.

ಆ ಎಲ್ (ಕಡಿಮೆ), ಎಚ್ (ಹೆಚ್ಚು) ಗುರುತುಗಳಿಗೆ ಹೆದರಬೇಡಿ. ಅವನ್ನು ಹಾಕುವುದು ಲ್ಯಾಬಿನ ಮೆಷಿನ್. ನೀವು ಬಸುರಿ ಅಂತ ಅದಕ್ಕೆ ಗೊತ್ತಿಲ್ಲ. ಪಕ್ಕದಲ್ಲಿ ಅಚ್ಚಾಗಿರುವ "12ರಿಂದ 15" ಬಸುರಿಯಲ್ಲದ ಹೆಂಗಸಿನ ಲೆಕ್ಕ. ಗರ್ಭಿಣಿಯರಿಗೆ ಮೊದಲ ಮೂರು ಮತ್ತು ಕೊನೆಯ ಮೂರು ತಿಂಗಳಲ್ಲಿ 11, ನಡುವಿನ ತಿಂಗಳಲ್ಲಿ 10.5ಕ್ಕಿಂತ ಕಡಿಮೆಯಾದರೆ ಮಾತ್ರ ರಕ್ತಹೀನತೆ ಅನ್ನುತ್ತಾರೆ. ಯಾಕೆ ಈ ರಿಯಾಯಿತಿ? ಬಸುರಿನಲ್ಲಿ ರಕ್ತದ ನೀರಿನ ಭಾಗ ಶೇಕಡಾ 40-50ರಷ್ಟು ಹೆಚ್ಚುತ್ತದೆ, ಕೆಂಪು ಕಣಗಳು ಅಷ್ಟು ಹೆಚ್ಚುವುದಿಲ್ಲ. ಮಜ್ಜಿಗೆಗೆ ಒಂದು ಲೋಟ ನೀರು ಜಾಸ್ತಿ ಬಿದ್ದ ಹಾಗೆ. ಅಷ್ಟು ತೆಳುವಾಗುವುದು ಸಹಜ. ಆದರೆ ನಿಮ್ಮ 9.4 ಆ ರಿಯಾಯಿತಿಯನ್ನೂ ದಾಟಿ ಕೆಳಗಿದೆ. 7ರಿಂದ 9.9ರವರೆಗೆ ಮಧ್ಯಮ ರಕ್ತಹೀನತೆ. ನೀವು ಇರುವುದು ಅಲ್ಲಿ.

ಬಿಳಿ ರಕ್ತಕಣ 13,200 ಅನ್ನುವುದು ಬಸುರಿನಲ್ಲಿ ಮಾಮೂಲು. ಪ್ಲೇಟ್‌ಲೆಟ್ 1.38 ಲಕ್ಷ ಇದೆ. ಅದೂ ಈ ದಿನಗಳಲ್ಲಿ ಸ್ವಲ್ಪ ಇಳಿಯುತ್ತದೆ. 1 ಲಕ್ಷದ ಮೇಲಿದ್ದು, ಬಿಪಿ ಸರಿಯಿದ್ದರೆ ಸಾಮಾನ್ಯವಾಗಿ ಆಗಾಗ ನೋಡಿಕೊಂಡರೆ ಸಾಕು. ಜ್ವರ ಬಂದರೆ, ವಿಪರೀತ ತಲೆನೋವು, ಕಣ್ಣು ಮಂಜು, ಹೊಟ್ಟೆಯ ಮೇಲ್ಭಾಗದಲ್ಲಿ ನೋವು ಕಾಣಿಸಿಕೊಂಡರೆ ಮಾತ್ರ ಕಾಯಬೇಡಿ, ಅವತ್ತೇ ಆಸ್ಪತ್ರೆಗೆ ಹೋಗಿ.

ಈಗ ಯಾರೂ ನಿಮಗೆ ಬಿಡಿಸಿ ಹೇಳದ ಎರಡು ಸಾಲು. ಎಂಸಿವಿ 70 ಅಂತಿದೆ, ಅದು ಕೆಂಪು ಕಣದ ಗಾತ್ರ. 80ರಿಂದ 100 ಇರಬೇಕಿತ್ತು. ಅಂದರೆ ಕಣಗಳು ಚಿಕ್ಕದಾಗಿವೆ. ಆರ್‌ಡಿಡಬ್ಲ್ಯೂ 19, ಅಂದರೆ ಒಂದು ದೊಡ್ಡದು, ಒಂದು ಚಿಕ್ಕದು ಅಂತ ಏರುಪೇರಾಗಿವೆ. ಕಣ ಚಿಕ್ಕದಾಗುವುದಕ್ಕೆ ನಮ್ಮಲ್ಲಿ ದೊಡ್ಡ ಕಾರಣಗಳು ಎರಡು: ಐರನ್ ಕೊರತೆ, ಇಲ್ಲವೇ ಹುಟ್ಟಿನಿಂದ ಬಂದ ಥಲಸ್ಸೇಮಿಯಾ ವಾಹಕ ಗುಣ. ಥಲಸ್ಸೇಮಿಯಾ ಅಂದರೆ ಹಿಮೋಗ್ಲೋಬಿನ್ ಸರಿಯಾಗಿ ತಯಾರಾಗದ, ಅಪ್ಪ ಅಮ್ಮನಿಂದ ಬರುವ ರಕ್ತದ ಕಾಯಿಲೆ; ವಾಹಕರಿಗೆ ಆ ಕಾಯಿಲೆ ಇರುವುದಿಲ್ಲ, ಮಕ್ಕಳಿಗೆ ದಾಟಿಸಬಲ್ಲ ಗುಣ ಮಾತ್ರ ಇರುತ್ತದೆ. ವಾಹಕರಲ್ಲಿ ಸಾಮಾನ್ಯವಾಗಿ ಕಣ ಚಿಕ್ಕದಾದರೂ ಅವುಗಳ ಸಂಖ್ಯೆ ಜಾಸ್ತಿ ಇರುತ್ತದೆ, ಏರುಪೇರು ಕಡಿಮೆ. ನಿಮ್ಮ ಸಂಖ್ಯೆಯೂ ಕಡಿಮೆ, 41 ಲಕ್ಷ. ಏರುಪೇರು ಜಾಸ್ತಿ. ಹಾಗಾಗಿ ತಕ್ಕಡಿ ಐರನ್ ಕೊರತೆಯ ಕಡೆಗೇ ವಾಲುತ್ತಿದೆ. ಫೆರಿಟಿನ್ ಅನ್ನೋ ಇನ್ನೊಂದು ಪರೀಕ್ಷೆ ಮಾಡಿಸಿದರೆ ಗೊತ್ತಾಗುತ್ತದೆ. 30ಕ್ಕಿಂತ ಕೆಳಗೆ ಬಂದರೆ ಮೈಯಲ್ಲಿ ಐರನ್ ದಾಸ್ತಾನು ಖಾಲಿಯಾಗುತ್ತಿದೆ ಅಂತ ಅರ್ಥ.

ಇಲ್ಲಿಗೇ ನಿಮ್ಮ ಸುಳ್ಳು ಬಂದು ಅಡ್ಡ ನಿಂತಿರುವುದು.

ಡಾಕ್ಟರ್ ಏನಂದುಕೊಂಡಿದ್ದಾರೆ ನೋಡಿ. ಎರಡು ತಿಂಗಳು ಮಾತ್ರೆ ನುಂಗಿಯೂ 10.2 ಇದ್ದದ್ದು 9.4 ಆಗಿದೆ. ಹಾಗಾದರೆ ಮಾತ್ರೆ ಮೈಗೆ ಹತ್ತುತ್ತಿಲ್ಲವಾ, ಎಲ್ಲಾದರೂ ರಕ್ತ ಹೋಗುತ್ತಿದೆಯಾ, ಹೊಟ್ಟೆಯಲ್ಲಿ ಹುಳುವಾ, ಥಲಸ್ಸೇಮಿಯಾನಾ ಅಂತ ಅವರು ಒಂದೊಂದೇ ಬಾಗಿಲು ತಟ್ಟುತ್ತಿದ್ದಾರೆ. ಮಾತ್ರೆ ಹೊಟ್ಟೆಗೆ ಹೋಗೇ ಇಲ್ಲ ಅನ್ನುವುದು ನಿಮಗೊಬ್ಬರಿಗೇ ಗೊತ್ತು. ಔಷಧಿ ಸೋತಿಲ್ಲ, ಶುರುವೇ ಆಗಿಲ್ಲ. ಈ ಒಂದು ಮಾತು ಹೇಳಿದರೆ ಅವರು ನಿಮ್ಮ ರಿಪೋರ್ಟನ್ನೇ ಬೇರೆ ಥರ ಓದುತ್ತಾರೆ.

ನಾಳೆಯೇ ಹೋಗಿ. ಉಳಿದಿರುವ ಮಾತ್ರೆಯ ಸ್ಟ್ರಿಪ್‌ಗಳನ್ನೂ ತಗೊಂಡು ಹೋಗಿ ಮೇಜಿನ ಮೇಲಿಡಿ. "ಮೇಡಂ, ಒಂದು ವಾರ ಮಾತ್ರ ತಗೊಂಡೆ. ಹೊಟ್ಟೆ ತೊಳಸುತ್ತಿತ್ತು. ಹೇಳೋಕೆ ಹೆದರಿಕೆಯಾಯ್ತು." ಇಷ್ಟು ಸಾಕು, ಜಾಸ್ತಿ ವಿವರಣೆ ಬೇಡ. ಬೈದರೆ ಎರಡು ನಿಮಿಷ ಬೈತಾರೆ. ಇಂಥ ಸ್ಟ್ರಿಪ್‌ಗಳನ್ನು ನೋಡದ ಹೆರಿಗೆ ಡಾಕ್ಟರ್ ಕರ್ನಾಟಕದಲ್ಲಿ ಇರಲಿಕ್ಕಿಲ್ಲ.

ಈ ವಾಹಕ ಗುಣ ಇದೆಯಾ ಅಂತ ನೋಡುವ ಟೆಸ್ಟೇ ಎಚ್‌ಪಿಎಲ್‌ಸಿ. ಅದನ್ನು ಬಿಡಬೇಡಿ. ಐರನ್ ಕೊರತೆ ಇದ್ದರೂ ವಾಹಕ ಗುಣ ಜೊತೆಗೇ ಇರಬಹುದು. ಐರನ್ ತೀರಾ ಕಡಿಮೆಯಾದಾಗ ಆ ಟೆಸ್ಟಿನಲ್ಲಿ ಎ2 ಅನ್ನೋ ಬಗೆಯ ಹಿಮೋಗ್ಲೋಬಿನ್‌ನ ಅಂಕಿ (ವಾಹಕರಲ್ಲಿ ಸಾಮಾನ್ಯವಾಗಿ ಹೆಚ್ಚಿರುವುದು ಇದೇ) ಸ್ವಲ್ಪ ಇಳಿದು ದಾರಿ ತಪ್ಪಿಸುವುದೂ ಉಂಟು, ಅದಕ್ಕೂ ಡಾಕ್ಟರಿಗೆ ನಿಜ ಗೊತ್ತಿರಬೇಕು. ನಿಮ್ಮದು ನೆಗೆಟಿವ್ ಬಂದರೆ ಗಂಡನ ಟೆಸ್ಟಿನ ಪ್ರಶ್ನೆಯೇ ಸಾಮಾನ್ಯವಾಗಿ ಬರುವುದಿಲ್ಲ. ಇಬ್ಬರೂ ವಾಹಕರಾದರೆ ಮಾತ್ರ ಪ್ರತಿ ಬಸುರಿನಲ್ಲೂ ಮಗುವಿಗೆ ತೀವ್ರ ಕಾಯಿಲೆ ಬರುವ ಸಾಧ್ಯತೆ ನಾಲ್ಕರಲ್ಲಿ ಒಂದು. ನಿಮಗಾಗಲೇ 24 ವಾರ, ಆದ್ದರಿಂದ ಈ ವಾರವೇ ಮಾಡಿಸಿ.

ಇನ್ನು ಮಾತ್ರೆ. ಮಲ ಕಪ್ಪಾಗುವುದು ಮೈ ಹೀರಿಕೊಳ್ಳದ ಐರನ್‌ನಿಂದ, ಹೆದರುವಂಥದ್ದಲ್ಲ. ಹೊಟ್ಟೆ ತೊಳಸಿದರೆ ಊಟವಾದ ಮೇಲೆ ಅಥವಾ ರಾತ್ರಿ ಮಲಗುವ ಮುಂಚೆ ತಗೊಳ್ಳಬಹುದು. ಅದೂ ಆಗಲಿಲ್ಲ ಅಂದರೆ ಬೇರೆ ಬಗೆಯ ಐರನ್ ಬರೆದುಕೊಡಿ ಅಂತ ಕೇಳಿ. ಕಾಫಿ, ಟೀ ಜೊತೆ ಖಂಡಿತ ಬೇಡ, ಕ್ಯಾಲ್ಸಿಯಂ ಮಾತ್ರೆಗೂ ಇದಕ್ಕೂ ಎರಡು ಗಂಟೆ ಅಂತರ ಇರಲಿ. ನಿಂಬೆಹಣ್ಣಿನ ಪಾನಕದ ಜೊತೆ ನುಂಗಿದರೆ ಚೆನ್ನಾಗಿ ಹತ್ತುತ್ತದೆ. ಸರ್ಕಾರಿ ಆಸ್ಪತ್ರೆಯ ಕೆಂಪು ಮಾತ್ರೆಯಲ್ಲಿ 60 ಮಿಲಿಗ್ರಾಂ ಐರನ್ ಇದೆ. ನಿಮ್ಮ ಮಟ್ಟದ ರಕ್ತಹೀನತೆಗೆ ಸಾಮಾನ್ಯವಾಗಿ ದಿನಕ್ಕೆ ಎರಡು ಕೊಡುತ್ತಾರೆ, ಎಷ್ಟು ಅನ್ನುವುದನ್ನು ಡಾಕ್ಟರ್ ಹೇಳಲಿ. ನಾಲ್ಕು ವಾರದಲ್ಲಿ ಸುಮಾರು 1 ಗ್ರಾಂ ಏರಬೇಕು. ಏರದಿದ್ದರೆ, ಅಥವಾ ಮಾತ್ರೆ ಒಗ್ಗಲೇ ಇಲ್ಲ ಅಂದರೆ, ನರಕ್ಕೆ ಐರನ್ ಡ್ರಿಪ್ ಹಾಕುತ್ತಾರೆ. ಅದು ರಕ್ತ ಕೊಡುವುದಲ್ಲ, ಗಾಬರಿಯಾಗಬೇಡಿ. ಇಷ್ಟು ಒತ್ತಾಯ ಯಾಕೆ ಅಂದರೆ, ಹೆರಿಗೆಯಲ್ಲಿ ಎಲ್ಲರಿಗೂ ರಕ್ತ ಹೋಗುತ್ತದೆ. ಕಡಿಮೆ ರಕ್ತ ಇಟ್ಟುಕೊಂಡು ಹೋದವರಿಗೆ ಅದನ್ನು ತಡೆದುಕೊಳ್ಳುವುದು ಕಷ್ಟ. ಮಗು ಅವಧಿಗೆ ಮುಂಚೆ, ಕಡಿಮೆ ತೂಕದಲ್ಲಿ ಹುಟ್ಟುವ ಅಪಾಯವೂ ಹೆಚ್ಚು.

ಅತ್ತೆಯ ವಿಷಯ. ಮಗುವಿನ ಬಣ್ಣ ಅಪ್ಪ ಅಮ್ಮನಿಂದ ಬರುತ್ತದೆ, ಮಾತ್ರೆಯಿಂದಲ್ಲ. (ಕಪ್ಪಗೆ ಹುಟ್ಟಿದರೆ ಏನಾಯ್ತು ಅನ್ನುವ ಜಗಳ ಇನ್ನೊಂದು ದಿನ ಆಡೋಣ.) ಬೀಟ್‌ರೂಟ್ ಕೆಂಪಗಿದೆ ಅಷ್ಟೆ. 100 ಗ್ರಾಂನಲ್ಲಿ ಐರನ್ 1 ಮಿಲಿಗ್ರಾಂ ಕೂಡ ಇಲ್ಲ. ಜ್ಯೂಸ್ ಕುಡಿಯಿರಿ, ಬೇಡ ಅನ್ನಲ್ಲ. ಹುರುಳಿ ಸಾರು, ನುಗ್ಗೆಸೊಪ್ಪಿನ ಪಲ್ಯದ ಮೇಲೆ ನಿಂಬೆರಸ, ತಿನ್ನುವವರಾದರೆ ಮಾಂಸ, ಇವೂ ಇರಲಿ. ಆದರೆ 9.4 ಅನ್ನು ಊಟ ಒಂದೇ ಮೇಲೆತ್ತಲಾರದು. ಇದನ್ನೆಲ್ಲ ನೀವೇ ಅತ್ತೆಗೆ ಹೇಳಲು ಹೋಗಬೇಡಿ, ಸೊಸೆಯ ಬಾಯಲ್ಲಿ ಅದು ವಾದ ಆಗಿಬಿಡುತ್ತದೆ. ಪ್ರತಿ ತಿಂಗಳು 9ನೇ ತಾರೀಖು ಸರ್ಕಾರಿ ಆಸ್ಪತ್ರೆಗಳಲ್ಲಿ ಗರ್ಭಿಣಿಯರಿಗೆ ಉಚಿತ ತಪಾಸಣೆ ಇರುತ್ತದೆ. ತಾಯಿ ಕಾರ್ಡ್ ಹಿಡಿದು ಅತ್ತೆಯನ್ನೂ ಕರೆದುಕೊಂಡು ಹೋಗಿ. ನರ್ಸಮ್ಮ ಹೇಳಿದ್ದನ್ನು ಅವರು ಕೇಳಿಸಿಕೊಳ್ಳುತ್ತಾರೆ.

ಗಂಡನಿಗೆ ಮಾತ್ರ ಇವತ್ತೇ ರಾತ್ರಿ ರಿಪೋರ್ಟ್ ತೋರಿಸಿ. ಅವರು ಬೇಜಾರಾದಾರು, ಆಗಲಿ. ಟೆಸ್ಟಿಗೆ ರಕ್ತ ಕೊಡಬೇಕಾಗಬಹುದು ಅನ್ನುವುದನ್ನು ಲ್ಯಾಬಿನವರ ಬಾಯಿಂದ ಕೇಳುವುದಕ್ಕಿಂತ ನಿಮ್ಮಿಂದಲೇ ಕೇಳಲಿ. ಮಾತ್ರೆಯ ಟೈಮಿಗೆ ನೆನಪು ಮಾಡುವ ಕೆಲಸವನ್ನೂ ಅವರಿಗೇ ವಹಿಸಿ.