‘ನೀನೇನು ನೀತಿವಂತಳಾ?’

ಈ ಮಾತನ್ನು ನಾನು ಕೇಳಿದ್ದು ಇದೇ ಮೊದಲಲ್ಲ. ಮನೆ ಬೇರೆ, ಹಿರಿಯರು ಬೇರೆ, ಮಾತು ಮಾತ್ರ ಅದೇ. ಅನ್ಯಾಯವಾದ ಹೆಣ್ಣುಮಗಳು ಬಾಯಿ ಬಿಟ್ಟರೆ ಸಾಕು, ಯಾರಾದರೊಬ್ಬರು ಬೈಬಲ್ ಬಿಚ್ಚಿ, ಅಪೊಸ್ತಲ ಪೌಲನು ರೋಮಾಪುರದವರಿಗೆ ಬರೆದ ಪತ್ರದ 3ನೇ ಅಧ್ಯಾಯ ತೆಗೆಯುತ್ತಾರೆ. ‘ನೀತಿವಂತನು ಇಲ್ಲ, ಒಬ್ಬನಾದರೂ ಇಲ್ಲ.’ ಅಲ್ಲಿಗೆ ಪಂಚಾಯ್ತಿ ಮುಗಿಯಿತು. ಅದಕ್ಕೇ, ನನ್ನ ಹತ್ತಿರ ಸಲಹೆಗೆ ಬಂದ ಒಬ್ಬ ಹೆಣ್ಣುಮಗಳ ಈ ಪ್ರಕರಣವನ್ನು ಬರೆಯುತ್ತಿದ್ದೇನೆ. ಗುರುತು ಸಿಗದ ಹಾಗೆ ವಿವರಗಳನ್ನು ಬದಲಿಸಿದ್ದೇನೆ. ಆಕೆಯ ಒಪ್ಪಿಗೆ ಇದೆ.

ಆಕೆಗೆ ನಲವತ್ತರ ಆಸುಪಾಸು. ಶಾಲೆಯಲ್ಲಿ ಕೆಲಸ, ಇಬ್ಬರು ಮಕ್ಕಳು. ತವರಿನವರು ಕೊಟ್ಟಿದ್ದ ಸರ, ಎರಡು ಬಳೆ ಬೀರುವಿನಿಂದ ಕಾಣೆಯಾದವು. ಗಂಡ ಮನೆಕೆಲಸದಾಕೆಯ ಮೇಲೆ ಅನುಮಾನಪಟ್ಟರು. ಆ ಹೆಂಗಸು ಅಳುತ್ತಾ ಕೆಲಸ ಬಿಟ್ಟು ಹೋದರು. ಎರಡು ತಿಂಗಳ ಮೇಲೆ ಗಂಡನ ಸ್ಕೂಟರ್ ಡಿಕ್ಕಿಯಲ್ಲಿ ಅಡವಿನ ಚೀಟಿ ಸಿಕ್ಕಿತು. ಕೇಳಿದ್ದಕ್ಕೆ ಕೆನ್ನೆಗೆ ಬಿತ್ತು. ಅದು ಮೊದಲ ಏಟೂ ಆಗಿರಲಿಲ್ಲ.

ಅವರ ಚರ್ಚ್ ಸಭೆಯ ಹಿರಿಯರು ಇಬ್ಬರನ್ನೂ ಕೂರಿಸಿ ಮಾತಾಡಿದರು. ‘ಅವನದೂ ತಪ್ಪಿದೆ, ನಿಂದೂ ಇದೆ. ನೀನೇನು ನೀತಿವಂತಳಾ? ಕ್ಷಮಿಸಿಬಿಡಮ್ಮ’ ಎಂದರು. ಪ್ರಾರ್ಥನೆ ಮಾಡಿ, ಕಾಫಿ ಕುಡಿದು ಎದ್ದರು.

ಆಕೆ ನನ್ನ ಹತ್ತಿರ ಬಂದದ್ದು ಗಂಡನ ಮೇಲೆ ದೂರು ಹೇಳುವುದಕ್ಕಲ್ಲ. ಕುರ್ಚಿಯ ತುದಿಯಲ್ಲಿ ಕೂತು ಕೇಳಿದ ಮೊದಲ ಪ್ರಶ್ನೆ: ‘ಅಕ್ಕಾ, ನಾನು ಫರಿಸಾಯರ ಥರ ಆಗ್ತಿದ್ದೀನಾ?’ ತಾವೇ ನೀತಿವಂತರೆಂದು ಬೀಗುತ್ತಿದ್ದರೆಂದು ಸುವಾರ್ತೆಗಳು ಹೇಳುವ, ಯೇಸುವಿನ ಕಾಲದ ಪಂಗಡ ಅದು.

ಮೂರನೇ ಸಲ ಬಂದಾಗ ಒಂದು ನೋಟ್‌ಬುಕ್ ತಂದಿದ್ದರು. ಮಗನ ಹಳೆಯ ಲೆಕ್ಕದ ಪುಸ್ತಕ. ಮುಂದಿನ ಹಾಳೆಗಳಲ್ಲಿ ಭಾಗಾಕಾರ, ಹಿಂದೆ ಉಳಿದ ಹಾಳೆಗಳಲ್ಲಿ ಈಕೆಯ ಬರಹ. ಸ್ಕೇಲ್ ಇಟ್ಟು ನಡುವೆ ಗೆರೆ ಎಳೆದಿದ್ದರು. ಎಡಗಡೆ ‘ಇವರು’, ಬಲಗಡೆ ‘ನಾನು’. ಜೋರಾಗಿ ಓದಿ ಎಂದೆ. ‘ಇವರು: ಸರ ಅಡವಿಟ್ಟು ಸುಳ್ಳು ಹೇಳಿದರು. ನಾನು: ಕೂಗಾಡಿದೆ. ಇವರು: ಹೊಡೆದರು. ನಾನು: ಸಿಟ್ಟಿನಲ್ಲಿ ಸಾರಿಗೆ ಉಪ್ಪು ಜಾಸ್ತಿ ಹಾಕಿದೆ. ಇವರು: ಮಕ್ಕಳ ಮುಂದೆ ಬೈದರು. ನಾನು: ಬೆಳಗ್ಗೆ ಪ್ರಾರ್ಥನೆ ತಪ್ಪಿಸಿದೆ.’

ಹಾಳೆ ತಿರುವಿದೆ. ಎಡಗಡೆ ಆರು ಸಾಲು ಇದ್ದರೆ ಬಲಗಡೆಯೂ ಆರೇ. ನಾಲ್ಕಿದ್ದರೆ ನಾಲ್ಕೇ. ಎಲ್ಲ ಪುಟದಲ್ಲೂ ಹಾಗೇ.

‘ಇದು ಹೇಗೆ ಸರಿಯಾಗಿ ಸಮ ಬಂದಿದೆ?’ ಎಂದು ಕೇಳಿದೆ.

‘ಎರಡೂ ಕಡೆ ಸಮ ಆಗೋ ತನಕ ನಿದ್ದೆ ಬರಲ್ಲ ಅಕ್ಕಾ. ಯೋಚನೆ ಮಾಡಿ ಮಾಡಿ ಬರೀತೀನಿ. ಒಬ್ಬರೂ ನೀತಿವಂತರಿಲ್ಲ ಅಂತ ಇದೆಯಲ್ವಾ?’

ಎಷ್ಟೋ ವರ್ಷದಿಂದ ಈ ಕೆಲಸ ಮಾಡುತ್ತಿದ್ದೇನೆ. ಆದರೂ ಆ ಕ್ಷಣ ನನಗೆ ಮಾತು ಹೊರಡಲಿಲ್ಲ. ದೇವರ ವಾಕ್ಯವನ್ನು ಯಾರೋ ಈಕೆಯ ಕೈಗೆ ತಕ್ಕಡಿ ಮಾಡಿ ಕೊಟ್ಟಿದ್ದರು. ಏಟಿಗೂ ಉಪ್ಪಿಗೂ ಒಂದೇ ತೂಕ.

ಸತ್ಯವೇದ ತೆಗೆದೆವು. ಪೌಲನು ಆ ಮಾತನ್ನು ತೆಗೆದುಕೊಂಡಿರುವುದು ಕೀರ್ತನೆಗಳಿಂದ. 14ನೇ ಕೀರ್ತನೆ ಓದಿಸಿದೆ. ಒಳ್ಳೆಯದನ್ನು ಮಾಡುವವನು ಒಬ್ಬನೂ ಇಲ್ಲ ಎಂದು 3ನೇ ವಚನದಲ್ಲಿದೆ. ಅಲ್ಲಿಗೇ ನಿಲ್ಲಬೇಡಿ ಎಂದೆ. 4ನೇ ವಚನದಲ್ಲಿ, ದೇವರ ಜನರನ್ನು ರೊಟ್ಟಿ ತಿಂದ ಹಾಗೆ ತಿನ್ನುವವರ ಮಾತು ಬರುತ್ತದೆ. 5ನೆಯದರಲ್ಲಿ, ದೇವರು ನೀತಿವಂತರ ಜೊತೆ ಇದ್ದಾನೆ ಎಂದಿದೆ. ಒಂದೇ ಕೀರ್ತನೆ! ಯಾರೂ ಇಲ್ಲ ಎಂದು ಹೇಳಿದ ಬಾಯೇ, ತಿನ್ನುವವನನ್ನೂ ತಿನ್ನಿಸಿಕೊಂಡವನನ್ನೂ ಬೇರೆ ಬೇರೆಯಾಗಿ ನೋಡುತ್ತದೆ.

ಆಮೇಲೆ ಆದಿಕಾಂಡದ 38ನೇ ಅಧ್ಯಾಯ. ಭಾನುವಾರದ ಪ್ರಸಂಗದಲ್ಲಿ ಅಪರೂಪಕ್ಕೂ ಬರದ ಅಧ್ಯಾಯ ಅದು. ಯೆಹೂದನು ವಿಧವೆ ಸೊಸೆ ತಾಮಾರಳಿಗೆ ಕಿರಿಯ ಮಗನೊಂದಿಗೆ ಮದುವೆ ಮಾಡಿಸುವ ಮಾತು ಕೊಟ್ಟು ತಪ್ಪಿಸುತ್ತಾನೆ. ಕೊನೆಗೆ ಅವಳೇ ವೇಷ ಮರೆಸಿಕೊಂಡು ಅವನ ದಾರಿಯಲ್ಲಿ ಕೂರುತ್ತಾಳೆ. ಅವನು ಅವಳನ್ನು ವೇಶ್ಯೆ ಎಂದುಕೊಂಡು ಕೂಡುತ್ತಾನೆ. ಅವಳು ಬಸುರಿ ಎಂದು ತಿಳಿದಾಗ ಸುಟ್ಟುಹಾಕಿ ಎಂದು ತಾನೇ ತೀರ್ಪು ಕೊಡುತ್ತಾನೆ. ಅವಳು ಕೂಗಾಡುವುದಿಲ್ಲ. ಅವನೇ ಒತ್ತೆ ಇಟ್ಟು ಹೋಗಿದ್ದ ಮುದ್ರೆ, ದಾರ, ಕೋಲನ್ನು ಕಳಿಸಿ, ಇವು ಯಾರವು ನೋಡಿ ಎನ್ನುತ್ತಾಳೆ. ಆಗ ಯೆಹೂದನು, ಅವಳು ನನಗಿಂತ ನೀತಿವಂತಳು ಎನ್ನುತ್ತಾನೆ.

ಆಕೆ ಆ ಸಾಲಿನ ಮೇಲೆ ಬೆರಳಿಟ್ಟು ಸುಮ್ಮನೆ ಕೂತರು. ತಾಮಾರಳಾದರೂ ಪಾಪವಿಲ್ಲದವಳಾ? ಅಲ್ಲ. ಹಾಗೆಂದು ಯೆಹೂದನು ‘ಇಬ್ಬರದೂ ತಪ್ಪಿದೆ’ ಎನ್ನಲಿಲ್ಲ.

‘ಅಕ್ಕಾ, ಈ ಮಾತನ್ನ ಅವಳು ಹೇಳಿಕೊಳ್ಳಲಿಲ್ಲ. ಅವನ ಬಾಯಿಂದ ಬಂತು.’ ಸ್ವಲ್ಪ ಹೊತ್ತು ಬಿಟ್ಟು, ‘ಅಡವಿನ ಚೀಟಿ ನನ್ನ ಹತ್ರಾನೇ ಇದೆ’ ಎಂದರು.

ಆ ದಿನ ಕೊಟ್ಟ ಸಲಹೆ ಇಷ್ಟು. ನೋಟ್‌ಬುಕ್ ಇವತ್ತಿಗೆ ನಿಲ್ಲಬೇಕು. ಚೀಟಿಯ ಫೋಟೊ ತೆಗೆದು ತಂಗಿಗೆ ಕಳಿಸಿಡಬೇಕು. ಇನ್ನೊಮ್ಮೆ ಕೈ ಎತ್ತಿದರೆ ಪ್ರಾರ್ಥನಾ ಕೂಟಕ್ಕಲ್ಲ, ಮಹಿಳಾ ಸಹಾಯವಾಣಿ 181ಕ್ಕೆ ಫೋನ್ ಮಾಡಬೇಕು. ಹೆಂಡತಿಯ ಒಡವೆಯನ್ನು ಹೀಗೆ ಕೇಳದೆ ಅಡವಿಡುವುದೂ 2005ರ ಕೌಟುಂಬಿಕ ಹಿಂಸೆ ಕಾಯ್ದೆಯಲ್ಲಿ ಹಿಂಸೆಯೇ, ಹೊಡೆತ ಮಾತ್ರ ಅಲ್ಲ. ಕ್ಷಮಿಸುವುದು ನಿಮಗೂ ದೇವರಿಗೂ ಬಿಟ್ಟದ್ದು, ಆದರೆ ಕ್ಷಮೆ ಎಂದರೆ ಬೀರುವಿನ ಕೀಲಿ ಕೊಡುವುದಲ್ಲ. ಗಂಡ ಬಂದರೆ ಬೇರೆ ದಿನ ಒಬ್ಬರೇ ಬರಲಿ ಎಂದೆ. ಏಟು ಬೀಳುವ ಮನೆಯ ಇಬ್ಬರನ್ನೂ ಒಟ್ಟಿಗೆ ಕೂರಿಸಿ ನಾನು ಮಾತಾಡಿಸುವುದಿಲ್ಲ. ಅಲ್ಲಿ ಆಡಿದ ಮಾತಿಗೆ ಮನೆಯಲ್ಲಿ ಬೆಲೆ ಕಟ್ಟಬೇಕಾಗುತ್ತದೆ.

ಒಬ್ಬ ಹಿರಿಯರು ನನಗೆ ಫೋನ್ ಮಾಡಿ ಸಿಟ್ಟಾದರು. ‘ಆಕೆಗೆ ತನ್ನ ಒಳ್ಳೆಯತನವೇ ಸಾಕು ಅನ್ನೋ ಸ್ವನೀತಿ ಕಲಿಸ್ತಿದ್ದೀರಿ, ಇದು ನಮ್ಮ ಬೋಧನೆಗೆ ವಿರೋಧ’ ಎಂದರು. ಅವರಿಗೆ ಹೇಳಿದ್ದನ್ನೇ ಇಲ್ಲೂ ಹೇಳುತ್ತೇನೆ. ದೇವರ ಮುಂದೆ ತನ್ನ ಒಳ್ಳೆಯತನದಿಂದ ನಿಲ್ಲಬಲ್ಲವರು ಯಾರೂ ಇಲ್ಲ ಎಂದು ನಾನೂ ನಂಬುತ್ತೇನೆ. ಪ್ರೊಟೆಸ್ಟಂಟ್ ಸುಧಾರಣೆ ಶುರುಮಾಡಿದ ಲೂಥರನು ವಿಶ್ವಾಸಿಯನ್ನೇ ಏಕಕಾಲಕ್ಕೆ ನೀತಿವಂತ ಮತ್ತು ಪಾಪಿ ಎಂದ. ಕಥೋಲಿಕರು 1547ರಲ್ಲಿ ಟ್ರೆಂಟ್ ಎಂಬ ತಮ್ಮ ಮಹಾಸಭೆಯಲ್ಲಿ, ಕೃಪೆಯು ಮನುಷ್ಯನನ್ನು ನೀತಿವಂತನೆಂದು ಎಣಿಸುವುದಷ್ಟೇ ಅಲ್ಲ, ಒಳಗಿನಿಂದಲೇ ಹಾಗೆ ಮಾಡುತ್ತದೆ ಎಂದರು. ಇಷ್ಟು ಜಗಳವಾಡಿದ ಕಥೋಲಿಕರೂ ಲೂಥರನ್ ಸಭೆಗಳೂ 1999ರ ಅಕ್ಟೋಬರ್ 31ರಂದು ಜರ್ಮನಿಯ ಆಗ್ಸ್‌ಬರ್ಗ್‌ನಲ್ಲಿ ಒಂದೇ ಹೇಳಿಕೆಗೆ ಸಹಿ ಹಾಕಿದರು: ದೇವರು ನಮ್ಮನ್ನು ಒಪ್ಪಿಕೊಳ್ಳುವುದು ಕೃಪೆಯಿಂದ, ನಮ್ಮ ಅರ್ಹತೆಯಿಂದಲ್ಲ. ಸರಿ. ಆದರೆ ಲೂಥರನ ಕಡೆಯವರೇ 1530ರಲ್ಲಿ ಅದೇ ಊರಿನಲ್ಲಿ ಮಂಡಿಸಿದ ವಿಶ್ವಾಸ ಪ್ರಮಾಣದ 18ನೇ ವಿಧಿ ನೋಡಿ. ದೇವರ ಮುಂದಿನ ನೀತಿ ಬೇರೆ, ಜನರ ನಡುವೆ ನೆಟ್ಟಗೆ ಬಾಳುವುದು ಬೇರೆ, ಎರಡನೆಯದು ಮನುಷ್ಯನ ಕೈಯಲ್ಲಿ ಸ್ವಲ್ಪಮಟ್ಟಿಗೆ ಇದೆ ಎನ್ನುತ್ತದೆ. ಹೆಂಡತಿಯ ಸರ ಕದಿಯದೆ ಇರುವುದು ಆ ಎರಡನೆಯದಕ್ಕೆ ಸೇರಿದ್ದು. ಮೊದಲನೆಯದನ್ನು ತಂದು ಎರಡನೆಯದರ ಬಾಯಿ ಮುಚ್ಚಿಸಬಾರದು. ಪೌಲನು ‘ಒಬ್ಬನಾದರೂ ಇಲ್ಲ’ ಎಂದು ಬರೆದದ್ದೂ ಇನ್ನೊಬ್ಬರಿಗೆ ತೀರ್ಪು ಹೇಳುವವನ ಜಂಬ ಇಳಿಸುವುದಕ್ಕೆ. ಆ ಪತ್ರದ 2ನೇ ಅಧ್ಯಾಯದ ಮೊದಲ ವಚನವೇ ಅಲ್ಲಿಂದ ಶುರುವಾಗುತ್ತದೆ. ತಗ್ಗಿ ಕೂತವಳ ತಲೆಯ ಮೇಲೆ ಇನ್ನೊಂದು ಕಲ್ಲು ಇಡುವುದಕ್ಕಲ್ಲ.

ಹಿರಿಯರಿಗೆ ಒಪ್ಪಿಗೆಯಾಗಲಿಲ್ಲ. ಗಂಡ ಒಂದು ಸಲ ಬಂದರು, ಅರ್ಧ ಗಂಟೆ ಸಾಲದ ಬಗ್ಗೆಯೇ ಮಾತಾಡಿದರು, ಮತ್ತೆ ಬರಲಿಲ್ಲ. ಯೆಹೂದನ ಮಾತು ಆ ಮನೆಯಲ್ಲಿ ಇನ್ನೂ ಕೇಳಿಬಂದಿಲ್ಲ.

ಆಕೆ ಆರನೇ ಸಲ ಬಂದಾಗ ಬೇರೆಯೇ ಸುದ್ದಿ ತಂದಿದ್ದರು. ಹಿಂದಿನ ಶನಿವಾರ ಮನೆಕೆಲಸದಾಕೆಯ ಮನೆ ಹುಡುಕಿಕೊಂಡು ಹೋಗಿದ್ದರಂತೆ. ಆ ಹೆಂಗಸು ಒಳಗೆ ಕರೆಯಲಿಲ್ಲ. ಈಕೆ ಹೊಸಿಲ ಹೊರಗೆ ನಿಂತೇ, ನಿಲ್ಲಿಸಿಟ್ಟಿದ್ದ ಅರ್ಧ ತಿಂಗಳ ಸಂಬಳ ಕೊಟ್ಟು, ‘ಅವತ್ತು ನಿಮ್ಮ ಬ್ಯಾಗ್ ಬಿಚ್ಚಿಸಿ ನೋಡಿದ್ದು ನಾನು. ತಪ್ಪಾಯ್ತು’ ಎಂದು ಹೇಳಿ ಬಂದರು.

‘ಇದನ್ನ ಆ ಪುಸ್ತಕದಲ್ಲಿ ನಾನು ಬರೆದೇ ಇರಲಿಲ್ಲ ನೋಡಿ ಅಕ್ಕಾ. ಅಷ್ಟು ಪುಟ ತುಂಬಿಸಿದೆ. ಇದೊಂದು ನೆನಪಿಗೇ ಬರಲಿಲ್ಲ.’