ತಮ್ಮಾ, ಆ ಜೆಸಿಬಿ ವಾಪಸ್ ಕಳಿಸು

ಹೊಳೆ ಇಳಿದ ಮೇಲೆ ಹೊಲದ ಗೋಡನ್ನೆಲ್ಲ (ಪೂರ ತಂದು ಹಾಕಿದ ಮಣ್ಣು) ಕೆರೆಸಿ ಇಟ್ಟಂಗಿ ಭಟ್ಟಿಗೆ ಕೊಡ್ತೀನಿ ಅಂತ ಬರೆದಿದ್ದೀಯಲ್ಲ, ಫೋಟೋ ನೋಡಿ ಹೊಟ್ಟೆ ಚುರ್ ಅಂತು. 2005ರ ಮಹಾಪೂರ ಆದಾಗ ನಾನೂ ಇದನ್ನೇ ಮಾಡಿದ್ದೆ. ಜಮಖಂಡಿ ಕಡೆ ಹೊಳೆಸಾಲಿನ ಎರಡು ಎಕರೆ. ಭಟ್ಟಿಯವರು ತಾವೇ ಟ್ರ್ಯಾಕ್ಟರ್ ತಂದು ಒಯ್ದರು, ನನಗೂ ನಾಲ್ಕು ದುಡ್ಡು ಸಿಕ್ಕಿತು. ಆಮೇಲೆ ಮೂರು ವರ್ಷ ಅಲ್ಲಿ ಕಬ್ಬು ಏಳಲೇ ಇಲ್ಲ. ಪಕ್ಕದ ಕಾಕಾ ಸೋಮಾರಿತನಕ್ಕೆ ಗೋಡು ಮುಟ್ಟದೆ ಬಿಟ್ಟಿದ್ದರು. ಅವರ ಕುಳೆ ಕಬ್ಬು (ಕಡಿದ ಬುಡದಿಂದ ಮತ್ತೆ ಚಿಗುರಿದ್ದು) ನೋಡಿ ನಾನು ದಾರಿ ಬದಲಿಸಿ ಓಡಾಡುತ್ತಿದ್ದೆ!

ನಿನ್ನ ಫೋಟೋದಲ್ಲಿ ಇರುವುದು ಒಂದೇ ಮಾಲಲ್ಲ. ದಂಡೆ ಹತ್ತಿರ ಬೆಳ್ಳಗೆ ಕಾಣುವುದು ಉಸುಕು. ನೀರು ದಂಡೆ ದಾಟಿ ವೇಗ ತಗ್ಗಿದ ಕೂಡಲೇ ಭಾರದ್ದು ಮೊದಲು ಕೂರುತ್ತದೆ. ಜಿಗುಟು ಮಣ್ಣು ಅಷ್ಟು ಬೇಗ ಇಳಿಯುವುದಿಲ್ಲ, ನೀರು ದಿನಗಟ್ಟಲೆ ನಿಂತ ತಗ್ಗೇ ಬೇಕು. ಮಣ್ಣಿನ ರಿಪೋರ್ಟಿನಲ್ಲಿ ಸಾವಯವ ಇಂಗಾಲ (ಕೊಳೆತ ಎಲೆ, ಬೇರಿನಿಂದ ಮಣ್ಣಿಗೆ ಸೇರಿದ ಇಂಗಾಲ) ಅಂತ ಬರುತ್ತದಲ್ಲ, ಅದು ಅಂಟಿಕೊಂಡಿರುವುದು ಈ ಜಿಗುಟಿಗೇ. ಉಸುಕಿಗೆ ಅದನ್ನು ಹಿಡಿಯುವ ತಾಕತ್ತು ಕಮ್ಮಿ. ಘಟ್ಟದಲ್ಲಿ ಕಲ್ಲು ಉರುಳಿಸುವ ಕೃಷ್ಣೆ ನಮ್ಮ ಕಡೆ ಬರುವಷ್ಟರಲ್ಲಿ ಇಳಿಜಾರು ಕಡಿಮೆ. ಮೇಲಿಂದ ಹಿಪ್ಪರಗಿ ಬ್ಯಾರೇಜು, ಕೆಳಗೆ ಆಲಮಟ್ಟಿ ಹಿನ್ನೀರು. ಹೊತ್ತದ್ದನ್ನು ಇಳಿಸದೆ ಇನ್ನೇನು ಮಾಡ್ತಾಳೆ?

ದಂಡೆ ಕುಸಿದ ಕಡೆ ಒಮ್ಮೆ ಹೋಗಿ ನೋಡು. ಉಸುಕು, ಗೋಡು, ಮತ್ತೆ ಉಸುಕು, ನಡುವೆ ಅಲ್ಲಲ್ಲಿ ಕಪ್ಪು ಗೆರೆ. ಹಳೆಯ ಪೂರದಲ್ಲಿ ಹೂತುಹೋದ ಹುಲ್ಲು, ಎಲೆ. ಗಾಳಿ ಸಿಗದೆ ಪೂರ್ತಿ ಕೊಳೆಯದೆ ಉಳಿದದ್ದು. ಹೊಳೆ ಜೋರಾಗಿ ತಿರುಗಿ ದಂಡೆ ಕಡಿದರೆ ಅದೂ ಕೊಚ್ಚಿಹೋಗುತ್ತದೆ.

2019ರಲ್ಲಿ ನಾನು ಮೊದಲು ನಾಲ್ಕು ಕಡೆ ಗುಂಡಿ ತೋಡಿದೆ. ಉಸುಕು ಗೇಣಿಗಿಂತ ಜಾಸ್ತಿ ಇದ್ದಲ್ಲಿ ಅಷ್ಟನ್ನೇ ತೆಗೆಸಿದೆ. ಗೋಡು ಹದಕ್ಕೆ ಬಂದಾಗ ಮೇಲಿನ ಹೆಪ್ಪು ಒಡೆದು ಸೆಣಬು ಬಿತ್ತಿ, ಹೂ ಬರುವಾಗ ಮಣ್ಣಿಗೆ ಸೇರಿಸಿದೆ. ಹಸಿ ಇದ್ದಾಗ ಟ್ರ್ಯಾಕ್ಟರ್ ಇಳಿಸಬೇಡ, ಹೆಂಟೆ ಕಲ್ಲಾಗುತ್ತದೆ. ಆಳದ ನೇಗಿಲೂ ಬೇಡ. ಕೆಳಗೆ ಹೂತ ಇಂಗಾಲ ಮೇಲೆ ಬಂದು ಗಾಳಿ ತಾಗಿದರೆ ಸೂಕ್ಷ್ಮಜೀವಿಗಳು ತಿಂದು ಮುಗಿಸುತ್ತವೆ.

ಗೋಡು, ಕೆಳಗಿನ ಎರೆಮಣ್ಣು ಎರಡನ್ನೂ ಬೇರೆ ಬೇರೆ ಚೀಲದಲ್ಲಿ ಪರೀಕ್ಷೆಗೆ ಕೊಡು. ಇಂಗಾಲ ಶೇ. 0.5ಕ್ಕಿಂತ ಕಡಿಮೆ ಅಂದರೆ ಕೊರತೆ, 0.75 ದಾಟಿದರೆ ಭೇಷ್. ಹಾಗಂತ ಯೂರಿಯಾ ಹಾಕೋದು ನಿಲ್ಲಿಸಬೇಡ, ಗೋಡಿನಲ್ಲಿ ಸಾರಜನಕ ಸಾಕಷ್ಟು ಇರುತ್ತದೆ ಅನ್ನೋ ಭರವಸೆ ಇಲ್ಲ. ಡೋಣಿ ಹೊಳೆ ಸಾಲಿನವರು ಸುಮ್ನೆ ನನ್ನ ಮಾತು ಕೇಳಬೇಡಿ, ನಿಮ್ಮದು ಉಪ್ಪಿನ ಹೊಳೆ. ಮೊದಲು ಇಸಿ (ಮಣ್ಣಿನ ಉಪ್ಪಿನ ಅಳತೆ) ನೋಡಿಸಿ.

ಇಂಗಾಲ ಹೆಚ್ಚಿಸಲು ಅಂಗಡಿಯ ಹ್ಯೂಮಿಕ್ ಆಮ್ಲದ ಬಾಟಲಿ ಹಾಕು ಅಂತ ಹೇಳಿದವರಿಗೆ: ಎಕರೆಗೆ ಒಂದು ಲೀಟರ್ ಸುರಿದರೆ ಎಷ್ಟು ಇಂಗಾಲ ಸೇರೀತು, ಲೆಕ್ಕ ಹಾಕಿ. ಇತ್ತ ರವದಿಗೆ (ಕಬ್ಬಿನ ಒಣ ಎಲೆ) ಬೆಂಕಿ, ಅತ್ತ ಅಂಗಡಿಯಲ್ಲಿ ಬಾಟಲಿ! ರವದಿ ಪುಡಿ ಮಾಡಲು ನನಗಂತೂ ಶಕ್ತಿಮಾನ್ ಮಲ್ಚರ್ ಯಂತ್ರ ಹಿಡಿಸಿದೆ. ಬಾಡಿಗೆಗೆ ತನ್ನಿ, ಕೊಳ್ಳಬೇಡಿ. ದಂಡೆಗೆ ಎರಡು ಸಾಲು ಲಾವಂಚ ಹಚ್ಚಿದರೆ ನೀರಿನ ಓಟ ತಗ್ಗಿ ಒಳ್ಳೆ ಗೋಡು ಹೊಲದಲ್ಲೇ ಉಳಿಯುತ್ತದೆ. ಎದುರಿಗೇ ಹೊಳೆ ಬಡಿಯುವ ತಿರುವಿನಲ್ಲಿ ಮಾತ್ರ ಅದೂ ನಿಲ್ಲಲ್ಲ, ನನ್ನದು ಬೇರು ಸಮೇತ ಹೋಗಿದೆ.

ನಾಳೆ ಗುಂಡಿ ತೋಡಿ ಫೋಟೋ ಹಾಕು. ಅಳತೆ ಗೊತ್ತಾಗಲಿ, ಪಕ್ಕದಲ್ಲಿ ಕುಡುಗೋಲು ಇಡು.