ಮಾವನ ಧೋತರದಿಂದ ಶುರುಮಾಡಿ

ಧಾರವಾಡ

ಪ್ರಿಯ ಲೇಖಕರೇ,

ದೊಡ್ಡ ಕರುಳಿನ ಕ್ಯಾನ್ಸರಿನಲ್ಲಿ ಜೀವಕೋಶಗಳ ಸಂಕೇತ ಮಾರ್ಗಗಳ ಪಾತ್ರ ಕುರಿತ ನಿಮ್ಮ ಲೇಖನವನ್ನು ಎರಡು ಸಲ ಓದಿದೆ. ಈಗಿರುವಂತೆ ಅದನ್ನು ಪ್ರಕಟಿಸಲಾರೆ. ಕೈಬಿಡಲೂ ಮನಸ್ಸಿಲ್ಲ, ಅದಕ್ಕೇ ಈ ಪತ್ರ.

ಮೊದಲ ಪುಟದಲ್ಲೇ ಹನ್ನೊಂದು ಪ್ರೋಟೀನುಗಳ ಹೆಸರಿವೆ. ಬ್ಯಾಡಗಿಯಲ್ಲಿ ಕುಳಿತು ನಮ್ಮ ಪತ್ರಿಕೆ ಓದುವ ಶಿಕ್ಷಕಿ ಅಲ್ಲಿಗೇ ಪುಟ ತಿರುವಿಹಾಕುತ್ತಾರೆ. ಕೋಶದ ಬೆಳವಣಿಗೆಗೆ ಕಡಿವಾಣ ಹಾಕುವ ಎಪಿಸಿ, ಬೆಳೆ ಎಂದು ಸಂಕೇತ ದಾಟಿಸುವ ಕೆ-ರಾಸ್, ಈ ಎರಡು ಸಾಕು. ಪಿ53 ಕೊನೆಗೆ ಒಂದು ಸಾಲಿನಲ್ಲಿ ಬಂದರಾಯಿತು. ಕೆ-ರಾಸ್ ಮೊದಲು ಕೆಡುತ್ತದೆ ಎಂದಿದ್ದೀರಿ. ಬಹುಪಾಲು ಗೆಡ್ಡೆಗಳಲ್ಲಿ ಮೊದಲು ಕೆಡುವುದು ಎಪಿಸಿ.

‘ಹುಬ್ಬಳ್ಳಿ ನಿಲ್ದಾಣದ ಸಿಗ್ನಲ್ ಹಸಿರಾಗಿಯೇ ಉಳಿದಂತೆ’ ಎಂಬ ಹೋಲಿಕೆ ಕೆ-ರಾಸ್‌ಗೆ ಒಪ್ಪೀತು, ಎಪಿಸಿಗೆ ಒಪ್ಪುವುದಿಲ್ಲ. ನೀವು ಹಾವೇರಿಯವರು, ಹೆಗ್ಗೇರಿ ಕೆರೆ ನೋಡಿ ಬೆಳೆದವರು. ಕೆರೆಗೆ ನೀರು ಬರುತ್ತಿರುತ್ತದೆ, ಹೆಚ್ಚಾದದ್ದು ಕೋಡಿಯಲ್ಲಿ ಹರಿದುಹೋಗುತ್ತದೆ. ಬೀಟಾ-ಕ್ಯಾಟೆನಿನ್ ಎಂಬ ಪ್ರೋಟೀನು ಕೂಡ ಹಾಗೆಯೇ: ಜೀವಕೋಶದಲ್ಲಿ ಸದಾ ತಯಾರಾಗುತ್ತದೆ, ಎಪಿಸಿ ಸೇರಿದ ಪ್ರೋಟೀನುಗಳ ಕೂಟ ಅದನ್ನು ಹಿಡಿದು ನಾಶಕ್ಕೆ ಕಳಿಸುತ್ತದೆ. ವಿಭಜನೆಯಾಗು ಎಂದು ಹೊರಗಿನಿಂದ ಹೇಳುವ ವಿಂಟ್ ಸಂಕೇತ ಬಂದಾಗ ಮಾತ್ರ ಕೂಟ ಕೈಕಟ್ಟಿ ನಿಲ್ಲುತ್ತದೆ. ಕರುಳಿನ ಒಳಪದರ ನಾಲ್ಕೈದು ದಿನಕ್ಕೊಮ್ಮೆ ಹೊಸದಾಗಲು ಆ ಸಂಕೇತ ಬೇಕೇ ಬೇಕು. ಎಪಿಸಿ ಕೆಟ್ಟರೆ ಕೋಡಿ ಕಟ್ಟಿದಂತೆ. ಸಂಕೇತ ಬಾರದಿದ್ದರೂ ಬೀಟಾ-ಕ್ಯಾಟೆನಿನ್ ತುಂಬಿ, ಕೋಶಕೇಂದ್ರಕ್ಕೆ ನುಗ್ಗಿ, ವಿಭಜನೆಯ ಜೀನುಗಳನ್ನು ಎಬ್ಬಿಸುತ್ತದೆ. ಪಾಲಿಪ್, ಅಂದರೆ ಕರುಳಿನ ಒಳಪದರದ ಸಣ್ಣ ಗಂಟು, ಹುಟ್ಟುವುದು ಹೀಗೆ. ಇದಕ್ಕೆ ಅರ್ಧ ಲೇಖನ ಕೊಡಿ.

ಸೆಟುಕ್ಸಿಮ್ಯಾಬ್ ಎಲ್ಲರಿಗೂ ಫಲಕಾರಿ ಎಂಬ ವಾಕ್ಯವನ್ನು ದಯವಿಟ್ಟು ಹೊಡೆದುಹಾಕಿ. ಅದು ಕೋಶದ ಹೊರಬಾಗಿಲಿನಲ್ಲಿ ಬೆಳವಣಿಗೆಯ ಸಂಕೇತ ಹಿಡಿದು ಕೆ-ರಾಸ್‌ಗೆ ಮುಟ್ಟಿಸುವ ಇಜಿಎಫ್‌ಆರ್ ಗ್ರಾಹಿಯನ್ನು ತಡೆಯುವ ಔಷಧ. ಒಳಗೆ ಕೆ-ರಾಸ್ ತಾನೇ ಚಾಲೂ ಆಗಿ ನಿಂತಿದ್ದರೆ ಬಾಗಿಲು ಮುಚ್ಚಿ ಉಪಯೋಗವಿಲ್ಲ. ಆದ್ದರಿಂದಲೇ ವೈದ್ಯರು ಮೊದಲು ಗೆಡ್ಡೆಯ ರಾಸ್ ಪರೀಕ್ಷೆ ಮಾಡಿಸುತ್ತಾರೆ. ನಿಮ್ಮ ಒಂದು ವಾಕ್ಯ ನಂಬಿ ಯಾರಾದರೂ ಹೊಲ ಮಾರಿಯಾರು.

ಇನ್ನು ಕೊನೆಯ ಪುಟದ ಆ ನಾಲ್ಕು ಸಾಲು. ನಿಮ್ಮ ಸೋದರಮಾವ ಮಲದಲ್ಲಿ ರಕ್ತ ಕಂಡು, ಮೂಲವ್ಯಾಧಿ ಎಂದುಕೊಂಡು ಎರಡು ವರ್ಷ ನಾಟಿ ಔಷಧ ತೆಗೆದುಕೊಂಡದ್ದು. ಯಾರಿಗೂ ಕಾಣದಂತೆ ನಸುಕಿನಲ್ಲಿ ಎದ್ದು ಧೋತರವನ್ನು ತಾವೇ ಒಗೆದುಕೊಳ್ಳುತ್ತಿದ್ದದ್ದು. ಓದುತ್ತಾ ನಾನು ಅಲ್ಲೇ ನಿಂತುಬಿಟ್ಟೆ. ಲೇಖನ ಅಲ್ಲಿಂದಲೇ ಶುರುವಾಗಲಿ. ಪಾಲಿಪ್ ಕ್ಯಾನ್ಸರ್ ಆಗಲು ಸಾಮಾನ್ಯವಾಗಿ ಹತ್ತು ವರ್ಷದಷ್ಟು ಕಾಲ ಹಿಡಿಯುತ್ತದೆ, ಅಷ್ಟರೊಳಗೆ ಕೊಳವೆ ಕ್ಯಾಮೆರಾದಿಂದ ಕರುಳಿನ ಒಳಗೆ ನೋಡುವ ಕೊಲೊನೋಸ್ಕೋಪಿಯಲ್ಲಿ ಕಂಡರೆ ಅದನ್ನು ತೆಗೆದುಹಾಕಬಹುದು ಎಂಬ ಮಾತು ಆ ಧೋತರದ ಪಕ್ಕದಲ್ಲಿ ಬಂದರೆ ಓದುಗರು ಮರೆಯುವುದಿಲ್ಲ.

ಮನೆಯವರ ಒಪ್ಪಿಗೆ ಕೇಳಿ. ಅವರು ಒಪ್ಪಿದರೆ ತಿದ್ದಿ ಕಳಿಸಿ. ಶ್ರಾವಣದ ಸಂಚಿಕೆಯಲ್ಲಿ ನಾಲ್ಕು ಪುಟ ತೆಗೆದಿರಿಸಿದ್ದೇನೆ.

ನಿಮ್ಮ,
ಸಂಪಾದಕ